ರುಡಾಲ್ಫ್ ಡೀಸೆಲ್

ಮೂಗೂರು, ತಿರುಮಕೂಡಲು ಸೀಮೆಯ ರೈತನಿಗೆ ಡೀಸೆಲ್ ಎಂಬ ಹೆಸರು ಚಿರಪರಿಚಿತ. ಆ ಹೆಸರನ್ನು ಹೊತ್ತಿದ್ದ ಮನುಷ್ಯನ ಬಾಳು ಅಷ್ಟು ಪರಿಚಿತವಲ್ಲ.

ರುಡಾಲ್ಫ್ ಡೀಸೆಲನು 1858ರ ಮಾರ್ಚ್ 18ರಂದು ಪ್ಯಾರಿಸ್ಸಿನಲ್ಲಿ ಜರ್ಮನ್ ದಂಪತಿಗಳಿಗೆ ಜನಿಸಿದನು. 1870ರ ಯುದ್ಧದಿಂದ ಕುಟುಂಬವು ನೆಲೆ ತಪ್ಪಲು, ಹನ್ನೆರಡರ ಬಾಲಕನು ಔಗ್ಸ್‌ಬರ್ಗಿನ ಬಂಧುಗಳ ಆಶ್ರಯದಲ್ಲಿ ಓದಿದನು. ಮುಂದೆ ಮ್ಯೂನಿಕ್‌ನಲ್ಲಿ ಆಚಾರ್ಯ ಲಿಂಡೆಯವರ ಶಿಷ್ಯನಾಗಿದ್ದಾಗ, ಉಗಿಯಂತ್ರವು ಕಲ್ಲಿದ್ದಲಿನ ಕಾವಿನಲ್ಲಿ ಹತ್ತರಲ್ಲೊಂದು ಪಾಲನ್ನೂ ಸರಿಯಾಗಿ ದುಡಿಸಿಕೊಳ್ಳದೆಂಬುದನ್ನು ಅರಿತನು. ಆ ವ್ಯರ್ಥವನ್ನು ತಡೆಯುವುದೇ ಆತನ ಜೀವನವ್ರತವಾಯಿತು.

ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುತ್ತದೆ. ಆ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳುವಂತೆ ಆತನು ಯಂತ್ರವನ್ನು ಯೋಜಿಸಿದನು. 1893ರ ಮೊದಲ ಪರೀಕ್ಷೆಯಲ್ಲಿ ಅದರ ಭಾಗವೊಂದು ಸಿಡಿಯಿತು. 1897ರ ಫೆಬ್ರವರಿಯಲ್ಲಿ ಸುಮಾರು 20 ಅಶ್ವಶಕ್ತಿಯ ಯಂತ್ರವು ಇಂಧನದ ಕಾವಿನ ಕಾಲು ಪಾಲಿಗೂ ಮಿಗಿಲಾದುದನ್ನು ಕೆಲಸಕ್ಕೆ ತಂದಿತು. ಅಶ್ವಶಕ್ತಿಯೊಂದಕ್ಕೆ ಗಂಟೆಗೆ ಸುಮಾರು 240 ಗ್ರಾಂ ಸೀಮೆಎಣ್ಣೆ ಸಾಕಾಯಿತು.

ತನ್ನ ಇಂಧನವನ್ನು ತಾನೇ ಹೊರಬೇಕಾದ ಹಡಗಿಗೆ ಈ ಮಿತವ್ಯಯವು ವರವಾಯಿತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಉಗಿಯ ಹಂಗಿಲ್ಲದೆ ಬ್ಯಾಂಕಾಕಿಗೆ ಯಾನಮಾಡಿತು. ಇಂದಿನ ಅತಿವೇಗದ ದೋಣಿಗಳ ಯಂತ್ರಗಳನ್ನೂ ಶಕ್ತಿಯೊಂದರಿಂದಲೇ ಅಳೆಯುವುದಿಲ್ಲ. ಆ ಶಕ್ತಿಗೆ ಗಂಟೆಗೆ ಎಷ್ಟು ಎಣ್ಣೆ ವೆಚ್ಚವಾಯಿತೆಂದು ನೋಡುತ್ತಾರೆ.

ಯಂತ್ರದ ವ್ಯಯವನ್ನು ಗ್ರಾಮುಗಳಲ್ಲಿ ಅಳೆದಾತನಿಗೆ ಸ್ವಂತ ಹಣದ ಲೆಕ್ಕವು ಹಿಡಿತಕ್ಕೆ ಬರಲಿಲ್ಲ. ಸಾಲದಲ್ಲಿ ಸಿಲುಕಿದ್ದ ಡೀಸೆಲನು 1913ರ ಸೆಪ್ಟೆಂಬರ್ 29ರ ರಾತ್ರಿ, ಆಂಟ್‌ವರ್ಪಿನಿಂದ ಇಂಗ್ಲೆಂಡಿಗೆ ಹೊರಟಿದ್ದ ಡ್ರೆಸ್ಡನ್ ಎಂಬ ಉಗಿಹಡಗಿನಿಂದ ಕಣ್ಮರೆಯಾದನು. ದಿನಗಳು ಕಳೆದ ಮೇಲೆ ಕಡಲಿನಲ್ಲಿ ಆತನ ದೇಹ ದೊರೆಯಿತು. ಸಾವಿನ ಕಾರಣ ಇಂದಿಗೂ ನಿರ್ಣಯವಾಗಿಲ್ಲ. ಶಕ್ತಿಯನ್ನು ಪಡೆಯುವುದಕ್ಕಿಂತ ಅದನ್ನು ಪೋಲಾಗದಂತೆ ಬಳಸುವುದು ಕಠಿಣವೆಂಬ ಪಾಠವು ಆತನ ಯಂತ್ರದಲ್ಲಿಯೂ ಬಾಳಿನಲ್ಲಿಯೂ ಉಳಿದಿದೆ.