ದೊಡ್ಡಸ್ವಾಮಿಯವರು ನಡೆದು ತೋರಿಸಿದ ದಾರಿ



ಹೇಮಗಿರಿಯ ಬುಡದಲ್ಲಿ ಹರಿಯುವ ಹೇಮಾವತಿ ನದಿಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಕೃಷ್ಣರಾಜಪೇಟೆಯ ಹೊಲಗದ್ದೆಗಳಿಗೆ ನೀರುಣಿಸಿ ಸಾಗುವ ಈ ನದಿ ಕನ್ನಂಬಾಡಿಯ ಜಲಾಶಯದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಆ ಕಾವೇರಿ ಮುಂದೆ ಕವಲೊಡೆದು ಶ್ರೀರಂಗಪಟ್ಟಣದ ದ್ವೀಪವನ್ನು ಬಳಸಿ ಹರಿಯುತ್ತದೆ. ದ್ವೀಪದ ಗಂಜಾಂ ಭಾಗದಲ್ಲಿ ಒಂದು ಹಳೆಯ ಕ್ರೈಸ್ತ ದೇವಾಲಯವಿದೆ. ಅದನ್ನು ಕಟ್ಟಿಸಿದ ಗುರುಗಳ ಹೆಸರಿನಿಂದಲೇ ಜನ ಅದನ್ನು ಗುರುತಿಸುತ್ತಾರೆ. ಅವರೇ ಅಬ್ಬೆ ದ್ಯುಬುವಾ. ನಮ್ಮ ಕಡೆಯವರ ಬಾಯಲ್ಲಿ ಅವರು ಅಬ್ಬೆ ಡುಬಾಯ್. ಅವರ ಕಾಲದ ಜನರಿಗೆ ಮಾತ್ರ ಅವರು ದೊಡ್ಡಸ್ವಾಮಿಯವರು.

ಊರಿನ ಸೇವಾ ಸಂಘಕ್ಕೆ ಸೇರಬೇಕೇ, ಧರ್ಮಕೇಂದ್ರದ ಕೆಲಸವೊಂದೇ ಸಾಲದೇ ಎಂದು ಕೇಳುವವರು ನಮ್ಮಲ್ಲಿ ಇದ್ದಾರೆ. ಈ ಪ್ರಶ್ನೆ ನಿಮ್ಮದೂ ಆಗಿದ್ದರೆ ಈ ಗುರುಗಳ ಜೀವನವನ್ನು ಸ್ವಲ್ಪ ಗಮನಿಸಿ.

ಜಾನ್ ಆಂತ್ವಾನ್ ದ್ಯುಬುವಾ ಅವರು ಫ್ರಾನ್ಸ್ ದೇಶದ ಆರ್ದೆಶ್ ಪ್ರಾಂತ್ಯದ ಸೇಂಟ್ ರೆಮೆಜ್ ಎಂಬ ಊರಿನವರು. 1766ರ ಜನವರಿಯಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. 1792ರಲ್ಲಿ ಗುರುಪಟ್ಟ ದೊರೆಯಿತು. ಅದು ಫ್ರಾನ್ಸಿನ ಮಹಾಕ್ರಾಂತಿಯ ಕಾಲ; ಧರ್ಮಸಭೆಗೆ ಕಷ್ಟದ ದಿನಗಳು. ಅದೇ ವರ್ಷ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಯ ಗುರುವಾಗಿ ಅವರು ಭಾರತಕ್ಕೆ ಹಡಗೇರಿದರು. ಇಲ್ಲಿ ತಲೆಗೆ ಪೇಟ ಸುತ್ತಿ, ನಮ್ಮವರ ಉಡುಪು ಧರಿಸಿ, ನಮ್ಮವರ ರೀತಿನೀತಿಗಳಿಗೆ ಹೊಂದಿಕೊಂಡು ಬಾಳಿದರು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟಿಪ್ಪು ಸುಲ್ತಾನರು ಮಡಿದರು. ಅದಕ್ಕೆ 15 ವರ್ಷ ಮೊದಲು, 1784ರಲ್ಲಿ, ಕೆನರಾ ಕರಾವಳಿಯ ಸಾವಿರಾರು ಕಥೋಲಿಕರನ್ನು ಸೆರೆಹಿಡಿದು ಈ ಪಟ್ಟಣಕ್ಕೆ ತರಲಾಗಿತ್ತು. ಅನೇಕರು ದಾರಿಯಲ್ಲೂ ಸೆರೆಯಲ್ಲೂ ಪ್ರಾಣಬಿಟ್ಟರು. ಉಳಿದವರಲ್ಲಿ ಬಹುಮಂದಿ 1799ರ ನಂತರ ಊರಿಗೆ ಹಿಂತಿರುಗಿದರು. ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಕೂಡಿಸುವ ಹೊಣೆ ಹೊತ್ತು ದ್ಯುಬುವಾ ಮೈಸೂರು ಸೀಮೆಗೆ ಬಂದರು. ಗಂಜಾಂನ ದೇವಾಲಯ ಎದ್ದಿದ್ದು ಆಗಲೇ.

ಯುದ್ಧದಿಂದ ನೊಂದ ಸೀಮೆಗೆ ದೇವಾಲಯ ಮಾತ್ರ ಸಾಕಾಗದು ಎಂಬುದು ಅವರಿಗೆ ಬೇಗ ತಿಳಿಯಿತು. ಮನೆ ಕಳೆದುಕೊಂಡವರಿಗೆ, ನೆಲೆಯಿಲ್ಲದವರಿಗೆ ಉಳುಮೆಯ ನೆಲ ಒದಗಿಸಿ ಒಕ್ಕಲುಗಳನ್ನು ನೆಲೆಗೊಳಿಸಿದರು. ಭಿಕ್ಷೆ ಹಾಕಿದರೆ ಒಂದು ಹೊತ್ತು ಕಳೆಯುತ್ತದೆ. ನೆಲ ಸಿಕ್ಕಿದರೆ ಸಂಸಾರ ನಿಲ್ಲುತ್ತದೆ.

ಅದಕ್ಕಿಂತ ದೊಡ್ಡ ಕೆಲಸ ಮುಂದಿತ್ತು. ಆ ಕಾಲದಲ್ಲಿ ಸಿಡುಬು ಎಂದರೆ ಮನೆಮನೆಯಲ್ಲೂ ನಡುಕ. ಮಕ್ಕಳು ಸಾಯುತ್ತಿದ್ದರು, ಬದುಕಿ ಉಳಿದವರಲ್ಲಿ ಕೆಲವರು ಕಣ್ಣು ಕಳೆದುಕೊಳ್ಳುತ್ತಿದ್ದರು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ದನದ ಸಿಡುಬಿನ ರಸದಿಂದ ಈ ರೋಗವನ್ನು ತಡೆಯಬಹುದೆಂದು ತೋರಿಸಿದ್ದರು. ಭಾರತದಲ್ಲಿ ಮೊದಲ ಬಾರಿಗೆ 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಮಗುವಿಗೆ ಆ ಲಸಿಕೆ ಹಾಕಲಾಯಿತು. ಮರುವರ್ಷವೇ ದ್ಯುಬುವಾ ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ಟೊಂಕಕಟ್ಟಿದರು.

ಆಗ ಲಸಿಕೆಯನ್ನು ತಂಪಾಗಿಟ್ಟು ಸಾಗಿಸುವ ಪೆಟ್ಟಿಗೆಗಳಿರಲಿಲ್ಲ. ಒಂದು ಮಗುವಿಗೆ ಲಸಿಕೆ ಹಾಕಿದ ಮೇಲೆ ತೋಳಿನಲ್ಲಿ ಗುಳ್ಳೆ ಏಳುತ್ತಿತ್ತು. ಸುಮಾರು ಎಂಟನೆಯ ದಿನ ಆ ಗುಳ್ಳೆಯ ತಿಳಿರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ತಾಕಿಸಬೇಕಿತ್ತು. ಹೀಗೆ ತೋಳಿನಿಂದ ತೋಳಿಗೆ ಅದು ಸಾಗಬೇಕು. ನಡುವೆ ಒಂದು ಕೊಂಡಿ ಕಳಚಿದರೂ ಆ ಊರಿನ ಲಸಿಕೆ ಅಲ್ಲಿಗೇ ನಿಂತಿತು. ಬೇರೆಯವರ ಮೈಯ ರಸವನ್ನು ತಮ್ಮ ಮಗುವಿಗೆ ತಾಕಿಸಲು ಯಾವ ತಾಯಿ ಸುಲಭವಾಗಿ ಒಪ್ಪಿಯಾಳು? ಅದರಲ್ಲೂ ಜಾತಿಯ ಕಟ್ಟು ಬಿಗಿಯಾಗಿದ್ದ ಕಾಲ. ಸಿಡುಬನ್ನು ಅಮ್ಮ ಎಂದು ಭಾವಿಸಿ ಪೂಜಿಸುತ್ತಿದ್ದ ಜನ. ಇಂಥ ಕಡೆ ಅಧಿಕಾರಿಯ ಆಜ್ಞೆ ನಡೆಯದು; ಪರಿಚಿತ ಮನುಷ್ಯನ ಮೇಲಿನ ನಂಬಿಕೆ ಮಾತ್ರ ನಡೆಯುತ್ತದೆ. 1803-04ರ ಅವಧಿಯಲ್ಲಿ ಅವರ ಶ್ರಮದಿಂದ ಲಸಿಕೆ ಪಡೆದವರ ಸಂಖ್ಯೆ 25,432 ಎಂದು ದಾಖಲಾಗಿದೆ.

ಯೋಚಿಸಿ ನೋಡಿ. ಆ ಕಾಲದಲ್ಲಿ ಮೈಸೂರು ಸೀಮೆಯಲ್ಲಿದ್ದ ಕ್ರೈಸ್ತರು ಅಲ್ಪಸಂಖ್ಯಾತರು. ತಮ್ಮವರ ಮಕ್ಕಳಿಗೆ ಮಾತ್ರ ಎಂದು ಸ್ವಾಮಿಯವರು ಎಣಿಸಿದ್ದರೆ ಆ ಸರಪಳಿ ಕೆಲವೇ ದಿನಗಳಲ್ಲಿ ತುಂಡಾಗುತ್ತಿತ್ತು. ನೆರೆಮನೆಯ ಮಗು ಉಳಿದರೆ ಮಾತ್ರ ನಮ್ಮ ಮಗು ಉಳಿಯುತ್ತದೆ. ಸೇವೆಗೆ ಕಾಂಪೌಂಡು ಗೋಡೆ ಹಾಕಲು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೇ?

ಅವರ ಜೀವನದಲ್ಲಿ ಕಹಿಯೂ ಇತ್ತು. ಹಿಂದೂ ಸಮಾಜದ ರೀತಿನೀತಿಗಳ ಬಗ್ಗೆ ಅವರು ಸಿದ್ಧಪಡಿಸಿದ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. 1816ರಲ್ಲಿ ಅದು ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿ ಅವರಿಗೆ ದೊಡ್ಡ ಹೆಸರು ತಂದಿತು. ಅದರ ಬಹುಭಾಗಕ್ಕೆ ಅವರಿಗಿಂತ ಮೊದಲಿದ್ದ ಯೇಸುಸಭೆಯ ಗುರು ಕೆರ್ದೂ ಅವರ ಬರಹವೇ ಆಧಾರವೆಂದು 1987ರಲ್ಲಿ ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮೂರ್ ತೋರಿಸಿಕೊಟ್ಟರು. ನಮ್ಮ ನಾಡಿನ ಜನರ ಬಗ್ಗೆ ಅದರಲ್ಲಿರುವ ಕೆಲವು ಕಠಿಣ ತೀರ್ಪುಗಳನ್ನು ಇಂದು ನಾವು ಒಪ್ಪಲಾರೆವು. ಇನ್ನು ಮತಪ್ರಚಾರದ ವಿಷಯದಲ್ಲಿ ಅವರು ತೀರ ನಿರಾಶರಾಗಿದ್ದರು. 31 ವರ್ಷಗಳ ದುಡಿಮೆಯ ನಂತರ 1823ರ ಜನವರಿ 15ರಂದು ಭಾರತ ಬಿಟ್ಟರು. ಅದೇ ವರ್ಷ ಪ್ರಕಟಿಸಿದ ಪತ್ರಗಳಲ್ಲಿ ಆ ಉದ್ದೇಶ ಕೈಗೂಡಲಿಲ್ಲವೆಂದು ಬಹಿರಂಗವಾಗಿಯೇ ಬರೆದರು.

ಹಾಗಾದರೆ ಅವರ ಬದುಕು ಸೋತಿತೇ? ಅವರ ಲೆಕ್ಕದಲ್ಲಿ ಬಹುಶಃ ಹೌದು. ಆದರೆ ಸಿಡುಬಿನಿಂದ ಪಾರಾದ ಸಾವಿರಾರು ಮಕ್ಕಳ ಲೆಕ್ಕ ಬೇರೆ. ನಾವು ಬಯಸಿದ ಫಲ ನಮಗೆ ಕಾಣದಿರಬಹುದು. ಪಕ್ಕದಲ್ಲಿ ಸದ್ದಿಲ್ಲದೆ ಮಾಡಿದ ಕೆಲಸ ಫಲ ಕೊಟ್ಟಿರಬಹುದು.

ಪ್ಯಾರಿಸ್ಸಿಗೆ ಹಿಂತಿರುಗಿದ ದ್ಯುಬುವಾ ತಮ್ಮ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿ, 1836ರಿಂದ 1839ರವರೆಗೆ ಅದರ ಶ್ರೇಷ್ಠರಾಗಿದ್ದು, 1848ರ ಫೆಬ್ರುವರಿ 17ರಂದು ನಿಧನರಾದರು. ಅವರು ಅಲ್ಲಿದ್ದಾಗಲೇ, 1833ರಲ್ಲಿ, ಅದೇ ನಗರದಲ್ಲಿ ಫ್ರೆಡರಿಕ್ ಓಝನಾಮ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರೊಡನೆ ಸೇರಿ ಬಡವರ ಮನೆಗಳಿಗೆ ಭೇಟಿ ಕೊಡುವ ಸಣ್ಣ ಕೂಟವೊಂದನ್ನು ಆರಂಭಿಸಿದರು. ಅದೇ ಇಂದು ನಮ್ಮ ಧರ್ಮಕೇಂದ್ರಗಳಲ್ಲಿರುವ ಸಂತ ವಿನ್ಸೆಂಟ್ ದೆ ಪೌಲ್ ಸಭೆ. 1863ರಲ್ಲಿ ಅದು ಭಾರತಕ್ಕೆ ಬಂದಿತು. ಒಬ್ಬರೇ ಮಾಡುವ ಉಪಕಾರ ಆ ವ್ಯಕ್ತಿಯೊಂದಿಗೆ ಮುಗಿಯುತ್ತದೆ. ಕೂಡಿ ಮಾಡುವ ಉಪಕಾರ ಮುಂದುವರಿಯುತ್ತದೆ.

ಊರಿನ ರೋಟರಿ, ಲಯನ್ಸ್ ಸಂಘಗಳ ಮಾತೂ ಅಷ್ಟೇ. 1951ರಲ್ಲಿ ಗುರುಗಳು ರೋಟರಿ ಸೇರಕೂಡದೆಂದು ರೋಮಿನಿಂದ ಆದೇಶ ಬಂದದ್ದನ್ನು ನಮ್ಮ ಹಿರಿಯರು ಕೇಳಿರಬಹುದು. ಆದರೆ 1979ರಲ್ಲಿ ರೋಮಿನಲ್ಲಿ ಸೇರಿದ ರೋಟರಿ ಸಮಾವೇಶವನ್ನು ಉದ್ದೇಶಿಸಿ ಸ್ವತಃ ಪೋಪ್ ಎರಡನೆಯ ಜಾನ್ ಪಾಲ್ ಮಾತನಾಡಿದರು. 1985ರಲ್ಲಿ ರೋಟರಿ ಪೋಲಿಯೊ ವಿರುದ್ಧದ ಜಾಗತಿಕ ಕಾರ್ಯಕ್ರಮ ಕೈಗೊಂಡಿತು. 1995ರಿಂದ ಪಲ್ಸ್ ಪೋಲಿಯೊ ದಿನಗಳಲ್ಲಿ ಲಸಿಕೆಯ ಹನಿ ಹಾಕಿಸಲು ಮಕ್ಕಳನ್ನು ಕರೆತಂದ ಕಾರ್ಯಕರ್ತರನ್ನು ನೆನೆಯಿರಿ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತವೆಂದು ಘೋಷಿತವಾಯಿತು. ಸಿಡುಬು 1980ರಲ್ಲೇ ಲೋಕದಿಂದ ಅಳಿದಿತ್ತು. ದೊಡ್ಡಸ್ವಾಮಿಯವರು ನಮ್ಮ ಸೀಮೆಯಲ್ಲಿ ಹಿಡಿದ ಕೆಲಸವೇ ಬೇರೆ ಕೈಗಳಲ್ಲಿ ಮುಂದುವರಿದಂತಾಯಿತು.

ಆದ್ದರಿಂದ ಓದುಗರೇ, ಸಂಘ ಸೇರುವ ಮುನ್ನ ಒಂದೆರಡು ಸಭೆಗಳಿಗೆ ಹೋಗಿ ಬನ್ನಿ. ಸಂಗ್ರಹವಾದ ಹಣ ಎಲ್ಲಿಗೆ ಹೋಗುತ್ತದೆಂದು ಮುಕ್ತವಾಗಿ ಕೇಳಿ. ಹಾರ, ಶಾಲು, ಫೋಟೋಗಳಿಗೇ ಸಮಯ ಕಳೆದುಹೋಗುತ್ತಿದ್ದರೆ ವಿನಯದಿಂದ ಹೇಳಿ. ಚಂದಾ ಕೊಡಲು ಶಕ್ತಿಯಿಲ್ಲದಿದ್ದರೆ ರಕ್ತದಾನ ಶಿಬಿರದಲ್ಲಿ, ಕಣ್ಣಿನ ತಪಾಸಣೆಯ ದಿನದಲ್ಲಿ ಕೆಲಸಕ್ಕೆ ನಿಲ್ಲಿ. ಮನೆಯ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ; ಸೇವೆಯನ್ನು ಅವರು ಉಪದೇಶದಿಂದಲ್ಲ, ನಿಮ್ಮನ್ನು ನೋಡಿ ಕಲಿಯುತ್ತಾರೆ. ಧರ್ಮಕೇಂದ್ರದ ವಿನ್ಸೆಂಟ್ ಸಭೆಯನ್ನೂ ಬಿಡಬೇಡಿ. ಎರಡೂ ಒಂದೇ ಊರಿನ ಬಡವರಿಗಾಗಿಯೇ ಇವೆ.

ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಬಾಗಿಲು ದಾಟುವಾಗ, ಹೊರಗಿನ ಬೀದಿಯಲ್ಲಿರುವವರಲ್ಲಿ ಈ ವಾರ ಯಾರಿಗೆ ನಿಮ್ಮ ಕೈ ಬೇಕಾಗಿದೆ ಎಂದು ಒಂದು ಕ್ಷಣ ಯೋಚಿಸಿ. ಉತ್ತರ ಹೊಳೆದರೆ, ಅದೇ ಕೆಲಸಕ್ಕೆ ಹೊರಟಿರುವ ನೆರೆಹೊರೆಯವರ ಜೊತೆ ಸೇರಿಕೊಳ್ಳಿ.