ತಪ್ಪು ಕಾರ್ಡ್ ಕೊಟ್ಟರೆ ಗಂಟೆ!

ಮಕ್ಕಳೇ, ನಿಮ್ಮ ಮಗ್ಗಿ ಪುಸ್ತಕದಲ್ಲಿ ಏಳೆಂಟ್ಲಿ 54 ಎಂದು ಅಚ್ಚಾಗಿದ್ದರೆ? ನೀವು ಸರಿಯಾಗಿ ಕೂಡಿ ಕಳೆದರೂ ಉತ್ತರ ತಪ್ಪುತ್ತದೆ, ಅಲ್ಲವೇ? 200 ವರ್ಷಗಳ ಹಿಂದೆ ನಾವಿಕರಿಗೆ ಇದು ಪ್ರಾಣದ ಪ್ರಶ್ನೆ. ಅವರು ನಕ್ಷತ್ರಗಳನ್ನು ನೋಡಿ, ಕೋಷ್ಟಕದ ಪುಸ್ತಕ ತೆರೆದು, ಹಡಗು ಎಲ್ಲಿದೆಯೆಂದು ಲೆಕ್ಕ ಹಾಕುತ್ತಿದ್ದರು. ಕೋಷ್ಟಕ ತಪ್ಪಿದರೆ ಹಡಗು ಬಂಡೆಗೆ ಬಡಿಯಬಹುದಿತ್ತು.

ಈ ತಪ್ಪುಗಳ ಬೆನ್ನು ಹತ್ತಿದವರು ಚಾರ್ಲ್ಸ್ ಬ್ಯಾಬೇಜ್. 1791ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗಣಿತಜ್ಞರು. 1821ರಲ್ಲಿ ಗೆಳೆಯ ಜಾನ್ ಹರ್ಷೆಲ್ ಜೊತೆ ಖಗೋಳ ಕೋಷ್ಟಕಗಳನ್ನು ತಾಳೆ ನೋಡುವಾಗ ತಪ್ಪಿನ ಮೇಲೆ ತಪ್ಪು ಸಿಕ್ಕಿತು. ಈ ಲೆಕ್ಕವನ್ನು ಉಗಿಯಂತ್ರವೇ ಮಾಡಬಾರದೇಕೆ ಎಂದು ಅವರಿಗನಿಸಿತು.

ತಪ್ಪಿನ ಮೂಲವನ್ನೂ ಅವರು ಹುಡುಕಿದರು. 1628ರಲ್ಲಿ ಹಾಲೆಂಡಿನ ವ್ಲಾಕ್ ಪ್ರಕಟಿಸಿದ ಕೋಷ್ಟಕದ ಕೆಲವು ತಪ್ಪುಗಳು ನಂತರದ ಹಲವು ಪುಸ್ತಕಗಳಲ್ಲಿ, ಚೀನಾದ ಒಂದು ಕೋಷ್ಟಕದಲ್ಲಿ ಕೂಡ, ಅದೇ ಜಾಗದಲ್ಲಿದ್ದವು! ಬೇರೆಬೇರೆಯಾಗಿ ಲೆಕ್ಕ ಮಾಡಿದವರಿಗೆ ಅದೇ ತಪ್ಪು ಬರುವುದುಂಟೇ? ಎಲ್ಲರೂ ನಕಲು ಮಾಡಿದ್ದರು. (ಪರೀಕ್ಷೆಯಲ್ಲಿ ನಿಮ್ಮ ಶಿಕ್ಷಕರು ನಕಲು ಹಿಡಿಯುವುದೂ ಹೀಗೆಯೇ!)

ಅಚ್ಚಿನ ಮೊಳೆ ಜೋಡಿಸುವಾಗಲೂ ತಪ್ಪಾಗುತ್ತಿತ್ತು. ಆದ್ದರಿಂದ ಲೆಕ್ಕ ಮಾಡಿ ಅಚ್ಚಿಗೂ ಸಿದ್ಧಪಡಿಸುವ 'ವ್ಯತ್ಯಾಸ ಯಂತ್ರ'ವನ್ನು ಬ್ಯಾಬೇಜ್ ಯೋಜಿಸಿದರು. ಸರ್ಕಾರ ಸುಮಾರು 17,000 ಪೌಂಡ್ ಖರ್ಚು ಮಾಡಿ, 1842ರಲ್ಲಿ ಕೈಬಿಟ್ಟಿತು.

ಅಷ್ಟರಲ್ಲಿ ಅವರು ಇನ್ನೂ ದೊಡ್ಡ ಯಂತ್ರವೊಂದರ ನಕ್ಷೆ ಬರೆಯುತ್ತಿದ್ದರು. ಅದರಲ್ಲಿ ಸಂಖ್ಯೆಗಳನ್ನು ಇಡಲು ಉಗ್ರಾಣ, ಲೆಕ್ಕ ಮಾಡಲು ಗಿರಣಿ! ನನಗೆ ತುಂಬ ಮೆಚ್ಚುಗೆಯಾದುದು ಅದರ ಗಂಟೆ. ಯಂತ್ರಕ್ಕೆ ಕೋಷ್ಟಕದ ಬೆಲೆಯೊಂದು ಬೇಕಾದಾಗ ಗಂಟೆ ಬಾರಿಸಿ, ಯಾವ ಸಂಖ್ಯೆಯದು ಬೇಕೆಂದು ತೋರಿಸಬೇಕು. ಸಹಾಯಕ ತೂತು ಕೊರೆದ ಕಾರ್ಡನ್ನು ತಂದು ಹಾಕಬೇಕು. ಕಾರ್ಡಿನಲ್ಲಿ ಸಂಖ್ಯೆ, ಅದರ ಬೆಲೆ ಎರಡೂ ಇರುತ್ತವೆ. ಯಂತ್ರ ತಾನು ಕೇಳಿದ ಸಂಖ್ಯೆಯಿಂದ ಕಾರ್ಡಿನ ಸಂಖ್ಯೆಯನ್ನು ಕಳೆಯುತ್ತದೆ. ಸೊನ್ನೆ ಉಳಿದರೆ ಸರಿ. ಇಲ್ಲವಾದರೆ ಜೋರಾಗಿ ಗಂಟೆ ಬಾರಿಸುತ್ತ, ಸರಿಯಾದ ಕಾರ್ಡ್ ಬರುವವರೆಗೆ ನಿಂತೇ ಬಿಡುತ್ತದೆ!

ಆದರೆ ಕಾರ್ಡ್ ಸರಿಯಿದ್ದು, ಅದರಲ್ಲಿನ ಬೆಲೆಯೇ ತಪ್ಪಿದ್ದರೆ? ಗಂಟೆ ಸುಮ್ಮನಿರುತ್ತದೆ. ಅದಕ್ಕಾಗಿ ಕಾರ್ಡುಗಳನ್ನೂ ಯಂತ್ರವೇ ಲೆಕ್ಕ ಮಾಡಿ ಕೊರೆಯಲಿ ಎಂದರು ಬ್ಯಾಬೇಜ್.

ಆ ಯಂತ್ರ ನಕ್ಷೆಯಲ್ಲೇ ಉಳಿಯಿತು. 1871ರಲ್ಲಿ ಅವರು ತೀರಿಕೊಂಡರು. ಅವರ ಎರಡನೆಯ ವ್ಯತ್ಯಾಸ ಯಂತ್ರದ ನಕ್ಷೆಯಂತೆ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು 1991ರಲ್ಲಿ ಲೆಕ್ಕದ ಭಾಗವನ್ನು ಕಟ್ಟಿ ತಿರುಗಿಸಿದರು. ಉತ್ತರಗಳು ಸರಿಯಾಗಿದ್ದವು. ಅಚ್ಚಿನ ಭಾಗ 2002ರಲ್ಲಿ ಸಿದ್ಧವಾಯಿತು.