ಜೇಬಿನಲ್ಲಿ ಕರಗಿದ ಮಿಠಾಯಿ

ಮಕ್ಕಳೇ, ಒಡೆದ ಪ್ಲಾಸ್ಟಿಕ್ ಬಕೆಟ್ಟನ್ನು ಕಾದ ಕಬ್ಬಿಣದಿಂದ ಬೆಸೆಯುವವರನ್ನು ನೀವು ನೋಡಿರಬಹುದು. ಬಿರುಕು ಮುಚ್ಚುತ್ತದೆ, ನಿಜ. ಆದರೆ ಸುತ್ತಲಿನ ಪ್ಲಾಸ್ಟಿಕ್ಕೂ ಕರಗಿ ಸೊಟ್ಟಗಾಗುತ್ತದೆ. ಬೆಸುಗೆಯ ಜಾಗ ಮಾತ್ರ ಕಾದು, ಉಳಿದದ್ದು ತಣ್ಣಗಿರುವಂತೆ ಮಾಡಬಹುದೇ? ಮೈಕ್ರೋವೇವ್ ಎಂಬ ಅಲೆಗಳಿಂದ ಮಾಡಬಹುದು. ಈ ಅಲೆಗಳಿಂದ ಅಡುಗೆ ಮಾಡುವ ಒಲೆಯನ್ನು ಕೊಟ್ಟ ಪರ್ಸಿ ಸ್ಪೆನ್ಸರ್ ಅವರ ಬಗ್ಗೆ ಮೊದಲು ತಿಳಿಯೋಣ.

ಸ್ಪೆನ್ಸರ್ 1894ರಲ್ಲಿ ಅಮೆರಿಕದ ಮೈನ್ ರಾಜ್ಯದಲ್ಲಿ ಜನಿಸಿದರು. ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. 12ನೆಯ ವಯಸ್ಸಿಗೆ ಶಾಲೆ ಬಿಟ್ಟು ಕಾರ್ಖಾನೆಯ ಕೆಲಸಕ್ಕೆ ಹೋಗಬೇಕಾಯಿತು. ಹೆಚ್ಚು ಕಡಿಮೆ ನಿಮ್ಮದೇ ವಯಸ್ಸು! 1912ರಲ್ಲಿ ನೌಕಾಪಡೆ ಸೇರಿ ರೇಡಿಯೋ ಕೆಲಸ ಕಲಿತರು. ರಾತ್ರಿ ಪಹರೆಯ ಹೊತ್ತಿನಲ್ಲಿ ಗಣಿತ, ಭೌತಶಾಸ್ತ್ರಗಳನ್ನು ತಾವೇ ಓದಿಕೊಂಡರು. ಮುಂದೆ ರೇಥಿಯಾನ್ ಎಂಬ ಕಂಪನಿ ಸೇರಿದರು.

ಎರಡನೆಯ ಮಹಾಯುದ್ಧದಲ್ಲಿ ಶತ್ರು ವಿಮಾನಗಳನ್ನು ಪತ್ತೆ ಹಚ್ಚುವ ರಾಡಾರ್‌ಗೆ ಮ್ಯಾಗ್ನೆಟ್ರಾನ್ ಎಂಬ ಕೊಳವೆ ಬೇಕಿತ್ತು. ಮೈಕ್ರೋವೇವ್ ಹುಟ್ಟುವುದು ಅದರಲ್ಲೇ. ತಾಮ್ರದ ಗಟ್ಟಿಯನ್ನು ಕೊರೆದು ಅದನ್ನು ಮಾಡಲು ಬಹಳ ಸಮಯ ಹಿಡಿಯುತ್ತಿತ್ತು. ಸ್ಪೆನ್ಸರ್ ಏನು ಮಾಡಿದರು ಗೊತ್ತೇ? ತಾಮ್ರದ ತೆಳು ಹಾಳೆಗಳನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ನಡುವೆ ಬೆಳ್ಳಿಯ ಬೆಸುಗೆ ಇಟ್ಟು ಕುಲುಮೆಯಲ್ಲಿ ಕಾಯಿಸಿ ಒಂದಾಗಿಸಿದರು. ದಿನಕ್ಕೆ 17 ಕೊಳವೆ ತಯಾರಾಗುತ್ತಿದ್ದಲ್ಲಿ ಕೊನೆಗೆ 2,600 ತಯಾರಾಗತೊಡಗಿದವು.

ಹೀಗೇ ಒಂದು ದಿನ ಮ್ಯಾಗ್ನೆಟ್ರಾನ್ ಬಳಿ ನಿಂತಿದ್ದಾಗ ಅವರ ಜೇಬಿನಲ್ಲಿದ್ದ ಮಿಠಾಯಿ ಕರಗಿಹೋಯಿತು. ಬೇರೆಯವರಾಗಿದ್ದರೆ ಬಟ್ಟೆ ಕೊಳೆಯಾಯಿತೆಂದು ಗೊಣಗುತ್ತಿದ್ದರೇನೋ. ಸ್ಪೆನ್ಸರ್ ಜೋಳದ ಕಾಳು ತಂದಿಟ್ಟರು, ಅರಳಾಯಿತು. ಮೊಟ್ಟೆ ಇಟ್ಟರು, ಸಿಡಿಯಿತು! (ನೀವು ಇದನ್ನು ಮಾಡಿ ನೋಡಬೇಡಿ.) ಆಹಾರದಲ್ಲಿರುವ ನೀರಿನ ಅಣುಗಳನ್ನು ಈ ಅಲೆಗಳು ಅಲುಗಾಡಿಸುತ್ತವೆ. ಅದರಿಂದ ಶಾಖ ಹುಟ್ಟುತ್ತದೆ. 1945ರಲ್ಲಿ ಸ್ಪೆನ್ಸರ್ ಈ ವಿಧಾನಕ್ಕೆ ಪೇಟೆಂಟ್ ಕೋರಿದರು. 1947ರಲ್ಲಿ ಬಂದ ಮೊದಲ ಒಲೆ ಆಳೆತ್ತರವಿತ್ತು, ತೂಕ ಸುಮಾರು 340 ಕಿಲೋ! 1970ರಲ್ಲಿ ಅವರು ನಿಧನರಾದರು.

ಈಗ ಬೆಸುಗೆಗೆ ಬರೋಣ. ಫೈಬರ್ ದೋಣಿಗಳನ್ನು ಗಾಜಿನ ಎಳೆ ಸೇರಿಸಿ ಗಟ್ಟಿಗೊಳಿಸಿದ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಮೈಕ್ರೋವೇವ್ ಅಲೆಗಳು ಇಂಥ ವಸ್ತುವಿನ ಮೂಲಕ ಬಹುಮಟ್ಟಿಗೆ ಹಾದುಹೋಗುತ್ತವೆ. ಅದು ಅಷ್ಟಾಗಿ ಬಿಸಿಯಾಗುವುದಿಲ್ಲ. ಎರಡು ತುಂಡುಗಳ ನಡುವೆ ಅಲೆಗಳನ್ನು ಚೆನ್ನಾಗಿ ಹೀರುವ ಅಂಟನ್ನು ಬಳಿದು ಈ ಅಲೆಗಳನ್ನು ಹಾಯಿಸಿದರೆ, ಅಂಟು ಕಾದು ಬೇಗ ಗಟ್ಟಿಯಾಗುತ್ತದೆ. ತುಂಡುಗಳು ಕೂಡಿಕೊಳ್ಳುತ್ತವೆ, ಆಕಾರ ಕೆಡುವುದಿಲ್ಲ. ಗಾಜಿನ ಬದಲು ಇಂಗಾಲದ ಎಳೆಗಳಿದ್ದರೆ ಮಾತ್ರ ಕೆಲಸ ಕಷ್ಟ. ಅವುಗಳಲ್ಲಿ ವಿದ್ಯುತ್ ಹರಿಯುವುದರಿಂದ ಅಲೆಗಳು ಸುಲಭವಾಗಿ ಒಳಗೆ ಹೋಗವು. ಒಮ್ಮೊಮ್ಮೆ ಕಿಡಿ ಹಾರುವುದೂ ಉಂಟು.